ಉಳಿದ ದಿನಗಳ ಲೆಕ್ಕ

ಪ್ರಶ್ನೆ: ಕ್ಯಾನ್ಸರಿನಿಂದ ತೀರಿಕೊಂಡ ಅಮೆರಿಕದ ವೈದ್ಯ ಪಾಲ್ ಕಲಾನಿಧಿಯವರ ‘ವೆನ್ ಬ್ರೆತ್ ಬಿಕಮ್ಸ್ ಏರ್’ ಆತ್ಮಕಥನವನ್ನು ಎರಡೇ ರಾತ್ರಿಗಳಲ್ಲಿ ಓದಿ ಮುಗಿಸಿದೆ. ಇನ್ನು ಮುಂದೆ ಪ್ರತಿ ದಿನವನ್ನೂ ಕೊನೆಯ ದಿನವೆಂಬಂತೆ ಬದುಕಬೇಕೆಂದು ನಿಶ್ಚಯಿಸಿದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಆ ನಿಶ್ಚಯ ಕರಗಿಹೋಯಿತು. ಮತ್ತೆ ಅದೇ ಕಚೇರಿ, ಅದೇ ಸಿಡುಕು. ಕೆಲಸ ಬಿಟ್ಟುಬಿಡಲೇ? ಇಂಥ ಪುಸ್ತಕದಿಂದ ನಾವು ಕಲಿಯಬೇಕಾದದ್ದಾದರೂ ಏನು?

ಉತ್ತರ: ನಿಶ್ಚಯ ಕರಗಿತೆಂದು ನಿಮ್ಮ ಮನೋಬಲವನ್ನು ಹಳಿದುಕೊಳ್ಳಬೇಡಿ. ಪ್ರತಿ ದಿನವನ್ನೂ ಕೊನೆಯ ದಿನವೆಂದು ಬಗೆದು ಬದುಕುವುದು ಯಾರಿಂದಲೂ ಆಗದು. ಕಲಾನಿಧಿಯವರೂ ಹಾಗೆ ಬದುಕಲಿಲ್ಲ. ಇಂದೇ ಕೊನೆಯೆಂದುಕೊಂಡವನು ಬಿತ್ತನೆಗೆ ಇಳಿಯುವುದಿಲ್ಲ. ಅವರು ಕೈಹಾಕಿದ್ದು ಮಾತ್ರ ಬೆಳೆಗೆ ವರ್ಷಗಟ್ಟಲೆ ಕಾಯಬೇಕಾದ ಕೆಲಸಗಳಿಗೆ.

2013ರ ಮೇ ತಿಂಗಳಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನರಶಸ್ತ್ರಚಿಕಿತ್ಸಕರ ದೀರ್ಘ ತರಬೇತಿಯ ಕೊನೆಯ ಘಟ್ಟದಲ್ಲಿದ್ದಾಗ, ಸಿಗರೇಟು ಸೇದದ ಆ 36 ವರ್ಷದ ವೈದ್ಯರಿಗೆ ಶ್ವಾಸಕೋಶದ ಕ್ಯಾನ್ಸರ್ ನಾಲ್ಕನೆಯ ಹಂತದಲ್ಲಿರುವುದು ತಿಳಿಯಿತು. ಆಗ ಅವರು ಹಾಕಿಕೊಂಡ ಲೆಕ್ಕವೇ ನನಗೆ ಇಡೀ ಪುಸ್ತಕದ ತಿರುಳಾಗಿ ಕಾಣುತ್ತದೆ. ಮೂರು ತಿಂಗಳು ಉಳಿದಿದೆಯೆಂದರೆ ಮನೆಯವರ ಜೊತೆ ಇರುವುದು, ಒಂದು ವರ್ಷವಾದರೆ ಪುಸ್ತಕ ಬರೆಯುವುದು, ಹತ್ತು ವರ್ಷವಾದರೆ ಮತ್ತೆ ರೋಗಿಗಳ ಚಿಕಿತ್ಸೆಗೆ ಮರಳುವುದು. ಎಷ್ಟು ಉಳಿದಿದೆಯೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಆದ್ದರಿಂದ ತಮಗೆ ಯಾವುದು ಮುಖ್ಯ ಎಂಬ ಪ್ರಶ್ನೆಗೆ ಒಮ್ಮೆ ಉತ್ತರ ಕಂಡುಕೊಂಡು ನೆಮ್ಮದಿಯಾಗಿ ಕೂರುವ ಅವಕಾಶ ಅವರಿಗೆ ಸಿಗಲಿಲ್ಲ. ದೇಹ ಬದಲಾದಂತೆಲ್ಲ ಅದೇ ಪ್ರಶ್ನೆಯನ್ನು ಹೊಸದಾಗಿ ಕೇಳಿಕೊಳ್ಳುತ್ತ ಹೋಗಬೇಕಾಯಿತು. ಮಾತ್ರೆಗಳಿಂದ ಗೆಡ್ಡೆಗಳು ಕುಗ್ಗಿದಾಗ ಶಸ್ತ್ರಚಿಕಿತ್ಸೆಗೆ ಮರಳಿದರು. ಮರಳಿದ ಮೊದಲ ದಿನವೇ, ಆಪರೇಷನ್ ನಡುವೆ ತಲೆ ಸುತ್ತಿ ಬಂದು, ಉಳಿದದ್ದನ್ನು ಕಿರಿಯ ವೈದ್ಯರಿಗೆ ಒಪ್ಪಿಸಿ ಹೊರಗೆ ಹೋಗಿ ಮಲಗಬೇಕಾಯಿತು. ನನ್ನ ಮಟ್ಟಿಗೆ ಪುಸ್ತಕದ ಅತ್ಯಂತ ದಿಟ್ಟ ಗಳಿಗೆ ಅದು, ಏಕೆಂದರೆ ಅಲ್ಲಿಗೆ ಅವರು ಬಿಡಲಿಲ್ಲ. ಅಭ್ಯಾಸದಿಂದ ಕೈಗೆ ಹಳೆಯ ಹಿಡಿತ ತಂದುಕೊಂಡರು. ಮತ್ತೆ ಹೊಸ ಗೆಡ್ಡೆ ಕಾಣಿಸಿಕೊಂಡಾಗ ಶಸ್ತ್ರಚಿಕಿತ್ಸೆಯನ್ನು ಬಿಟ್ಟು ಬರವಣಿಗೆಗೆ ಕುಳಿತರು. 2015ರ ಮಾರ್ಚ್‌ನಲ್ಲಿ, 37ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪುಸ್ತಕ ಹೊರಬಂದದ್ದು ಮರುವರ್ಷ.

ಕೆಲಸ ಬಿಡುವ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ಅವರ ಲೆಕ್ಕವನ್ನೇ ನೀವೂ ಒಂದು ಹಾಳೆಯ ಮೇಲೆ ಬರೆದು ನೋಡಿ: ಹತ್ತು ವರ್ಷವಿದ್ದರೆ ಏನು, ಒಂದು ವರ್ಷವಿದ್ದರೆ ಏನು, ಮೂರೇ ತಿಂಗಳಾದರೆ ಏನು. ಮೂರರಲ್ಲಿಯೂ ತಪ್ಪದೆ ಬರುವ, ಆದರೆ ಈ ವಾರದ ನಿಮ್ಮ ದಿನಚರಿಯಲ್ಲಿ ಎಲ್ಲಿಯೂ ಇಲ್ಲದ ಸಂಗತಿಯೊಂದು ಖಂಡಿತ ಸಿಗುತ್ತದೆ. ಅದು ಬಹುಶಃ ತೀರ ಚಿಕ್ಕದಿರುತ್ತದೆ: ಮಾತು ಬಿಟ್ಟ ತಮ್ಮನಿಗೆ ಒಂದು ಫೋನ್ ಕರೆ, ಅರ್ಧಕ್ಕೆ ನಿಂತ ಸಂಗೀತಾಭ್ಯಾಸ. ಅಲ್ಲಿಂದ ಶುರುಮಾಡಿ. ಕಚೇರಿಯ ಸಿಡುಕು ಕಚೇರಿಯಿಂದಲೇ ಬಂದದ್ದೋ, ಈ ಕೊರತೆಯಿಂದ ಬಂದದ್ದೋ ಎಂಬುದು ಆಮೇಲೆ ತಾನಾಗಿ ತಿಳಿಯುತ್ತದೆ.

ಪ್ರಶ್ನೆ: ನನ್ನ ಅಕ್ಕನಿಗೆ ವಾಸಿಯಾಗದ ಕ್ಯಾನ್ಸರ್ ಇದೆ. ಇನ್ನೆಷ್ಟು ತಿಂಗಳೆಂದು ವೈದ್ಯರನ್ನು ಕೇಳಬೇಕೆ? ಧೈರ್ಯ ಬರಲಿ ಎಂದು ಇಂಥ ಪುಸ್ತಕ ಕೊಡಬಹುದೆ?

ಉತ್ತರ: ಕೇಳುವ ಹಕ್ಕು ಮೊದಲು ನಿಮ್ಮ ಅಕ್ಕನದು. ತಿಳಿಯಬೇಕೆಂಬ ಇಚ್ಛೆ ಅವರಿಗಿದ್ದರೆ ಜೊತೆಗೆ ಹೋಗಿ ಕೇಳಿ. ಆದರೆ ಬಂದ ಅಂಕಿಯನ್ನು ತೀರ್ಪೆಂದು ಓದಬೇಡಿ. ಜೀವವಿಜ್ಞಾನಿ ಸ್ಟೀಫನ್ ಜೇ ಗೋಲ್ಡ್ ಅವರಿಗೆ 1982ರಲ್ಲಿ ಮೀಸೋಥೀಲಿಯೋಮಾ ಎಂಬ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡಾಗ ಪುಸ್ತಕಗಳಲ್ಲಿದ್ದ ಅಂಕಿ ಎಂಟು ತಿಂಗಳು. ಅದು ಮಧ್ಯದ ಅಂಕಿ, ಅಂದರೆ ಅರ್ಧದಷ್ಟು ರೋಗಿಗಳು ಅದಕ್ಕೂ ಹೆಚ್ಚು ಕಾಲ ಬದುಕಿರುತ್ತಾರೆ, ಅವರಲ್ಲಿ ಕೆಲವರು ಬಹಳ ಹೆಚ್ಚು ಕಾಲ ಎಂಬುದನ್ನು ಅವರು ಗುರುತಿಸಿದರು. ಮತ್ತೆ ಇಪ್ಪತ್ತು ವರ್ಷ ಬದುಕಿ, 2002ರಲ್ಲಿ ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡರು. ಎಲ್ಲರಿಗೂ ಹೀಗಾಗುತ್ತದೆಂದು ನಾನು ಹೇಳಲಾರೆ, ನಿಮಗೆ ಹುಸಿ ಭರವಸೆ ಕೊಡಲಾರೆ.

ತಿಂಗಳ ಲೆಕ್ಕಕ್ಕಿಂತ ತುರ್ತಾಗಿ ವೈದ್ಯರನ್ನು ಕೇಳಬೇಕಾದದ್ದು ಉಪಶಮನ ಆರೈಕೆಯ ಬಗ್ಗೆ: ನೋವು, ಉಬ್ಬಸ, ನಿದ್ದೆಗೇಡು, ಮನಸ್ಸಿನ ಕುಸಿತ ಇವನ್ನು ಮೊದಲ ದಿನದಿಂದಲೇ ನೋಡಿಕೊಳ್ಳುವ ಚಿಕಿತ್ಸೆ. ಇದು ಕೈಚೆಲ್ಲಿದವರಿಗೆ ಮಾತ್ರ ಎಂಬ ತಪ್ಪು ಕಲ್ಪನೆ ಬಲವಾಗಿದೆ. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಆರೈಕೆಯನ್ನು ಆರಂಭದಿಂದಲೇ ಪಡೆದವರಲ್ಲಿ ಖಿನ್ನತೆ ಕಡಿಮೆಯಿತ್ತು, ಅಂತ್ಯಕಾಲದಲ್ಲಿ ಉಗ್ರ ಚಿಕಿತ್ಸೆಗೆ ಒಳಗಾದವರು ಕಡಿಮೆಯಿದ್ದರು. ಆದರೂ ಅವರ ಆಯುಸ್ಸಿನ ಮಧ್ಯದ ಅಂಕಿ 11.6 ತಿಂಗಳಿತ್ತು, ಉಳಿದವರದು 8.9.

ಪುಸ್ತಕವನ್ನು ಅವರಾಗಿಯೇ ಕೇಳಿದರೆ ಮಾತ್ರ ಕೊಡಿ. ಕಾಯಿಲೆ ಬಿದ್ದವರ ಕೈಗೆ ಇನ್ನೊಬ್ಬರ ಧೈರ್ಯವನ್ನು ಕೊಟ್ಟರೆ, ತಾವೂ ಹಾಗೆಯೇ ಇರಬೇಕೆಂಬ ಹೊರೆಯನ್ನೂ ಕೊಟ್ಟಂತಾಗುತ್ತದೆ. ನಾನು ಹತ್ತಿರದಿಂದ ಕಂಡ ಹಿರಿಯರೊಬ್ಬರು ಕೊನೆಯ ತಿಂಗಳಲ್ಲಿ ಪದೇ ಪದೇ ಕೈಯನ್ನು ಮೂಗಿನ ಬಳಿ ಒಯ್ಯುತ್ತಿದ್ದರು. ಮನೆಯವರೆಲ್ಲ ರಿಪೋರ್ಟುಗಳನ್ನು ಹಿಡಿದು ಮತ್ತೊಬ್ಬ ತಜ್ಞರನ್ನು ಹುಡುಕುವುದರಲ್ಲಿದ್ದರು. ಏನು ಬೇಕೆಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: ಕನ್ನಡಕದ ತಿರುಪು ಸಡಿಲಾಗಿದೆ, ಓದುವಾಗ ಜಾರುತ್ತದೆ, ಬಿಗಿ ಮಾಡಿಸಿಕೊಡಿ. ಐದು ನಿಮಿಷದ ಕೆಲಸ. ಅದಾದ ಮೇಲೆ ದಿನಕ್ಕೆ ಎರಡು ಮೂರು ಪುಟ ಓದುತ್ತಿದ್ದರು. ನಿಮ್ಮ ಅಕ್ಕನ ಪಕ್ಕದಲ್ಲಿ ಕುಳಿತು, ಈಗ ನಿನಗೆ ಏನು ಬೇಕಕ್ಕಾ ಎಂದು ಕೇಳಿ, ಉತ್ತರ ಬರುವವರೆಗೂ ಸುಮ್ಮನಿರಿ.

ಪ್ರಶ್ನೆ: ಬದುಕುವುದಿಲ್ಲವೆಂದು ಗೊತ್ತಿದ್ದೂ ಕಲಾನಿಧಿ ದಂಪತಿ ಮಗುವನ್ನು ಪಡೆದದ್ದು ಸರಿಯೇ?

ಉತ್ತರ: ಸರಿ ತಪ್ಪು ಹೇಳಲು ನಾವು ಯಾರು? ಮಗುವನ್ನು ಅಗಲುವ ಸಂಕಟ ಸಾವನ್ನು ಇನ್ನಷ್ಟು ಕಠಿಣ ಮಾಡುವುದಿಲ್ಲವೇ ಎಂದು ಪತ್ನಿ ಲೂಸಿಯೇ ಅವರನ್ನು ಕೇಳಿದ್ದರು. ಅಗಲಲು ಅಷ್ಟು ಕಷ್ಟವಾಗುವಂಥದ್ದು ಬಾಳಿನಲ್ಲಿ ಇದ್ದರೆ ಒಳ್ಳೆಯದೇ ಅಲ್ಲವೇ ಎಂಬರ್ಥದ ಉತ್ತರ ಅವರದಾಗಿತ್ತು. ಸಂಕಟ ತಪ್ಪಿಸಿಕೊಳ್ಳುವುದೇ ಬದುಕಿನ ಗುರಿಯಲ್ಲ ಎಂದು ಇಬ್ಬರೂ ಒಪ್ಪಿಕೊಂಡಿದ್ದರು, ಮತ್ತು ನಾನು ಅವರ ಪರ. ಮಗಳು 2014ರ ಜುಲೈಯಲ್ಲಿ ಹುಟ್ಟಿದಳು. ಪುಸ್ತಕವನ್ನು ಪೂರ್ತಿ ಮುಗಿಸಲು ಅವರಿಗೆ ಆಗಲಿಲ್ಲ, ಉಳಿದ ಕಥೆಯನ್ನು ಲೂಸಿ ಬರೆದರು. ತಾವೇ ಬರೆದ ಕೊನೆಯ ಸಾಲುಗಳನ್ನು ಮಾತ್ರ ಕಲಾನಿಧಿಯವರು ಮಗಳಿಗಾಗಿ ಇಟ್ಟರು. ಅವರು ಹೋದಾಗ ಅವಳಿಗೆ ಎಂಟು ತಿಂಗಳು.