ಪ್ರಾಚೀನ ಈಜಿಪ್ಟಿನ ರೈತರು ದರೋಡೆಕೋರರಿಂದ ಹಳ್ಳಿಯನ್ನು ಹೇಗೆ ಕಾಪಾಡಿಕೊಳ್ಳುತ್ತಿದ್ದರು?

ಮುಖ್ಯವಾಗಿ ಮಣ್ಣಿನ ಗೋಡೆ, ಒತ್ತೊತ್ತಾಗಿ ಕಟ್ಟಿದ ಮನೆಗಳು ಮತ್ತು ಮರುಭೂಮಿಯ ಅಂಚಿನ ಕಾವಲು ಪಡೆಯನ್ನು ನಂಬಿಕೊಂಡು. ಕೈ ಕೈ ಮಿಲಾಯಿಸುವ ಜಗಳ ಅವರಿಗೆ ಕೊನೆಯ ದಾರಿ.

ಕಾರಣ ನೆಲದಲ್ಲೇ ಇದೆ. ನೈಲ್ ದಡದ ಫಲವತ್ತಾದ ಪಟ್ಟಿ ಬಹಳ ಕಡೆ ಕೆಲವೇ ಕಿಲೋಮೀಟರ್ ಅಗಲ. ಅದು ಮುಗಿದಲ್ಲೇ ಮರುಭೂಮಿ. ಕಳ್ಳರು ಅಲ್ಲಿಂದ ಬಂದು ಅಲ್ಲಿಗೇ ಮರೆಯಾಗಬಹುದಿತ್ತು. ಇಡೀ ಹೊಲವನ್ನು ಕಾಯಲಾಗದು, ಆದರೆ ಕಣಜ ಮತ್ತು ದನಗಳನ್ನು ಗೋಡೆಯೊಳಗೆ ಸೇರಿಸಬಹುದು.

ಗೋಡೆಗೆ ನದಿಯ ಮೆಕ್ಕಲು ಮಣ್ಣು, ಮರಳು, ಕತ್ತರಿಸಿದ ಹುಲ್ಲು ಕಲಸಿ, ಮರದ ಅಚ್ಚಿನಲ್ಲಿ ಒತ್ತಿ, ಬಿಸಿಲಿಗೆ ಒಣಗಿಸಿದ ಇಟ್ಟಿಗೆ. ಹುಲ್ಲು ಕಡಿಮೆಯಾದರೆ ಒಣಗುವಾಗಲೇ ಬಿರುಕು. ನೆರೆ ನೀರು ತಾಗಿದರೆ ಬುಡ ಕರಗುತ್ತದೆ. ಅದಕ್ಕೇ ಹಳ್ಳಿಗಳು ದಿಬ್ಬದ ಮೇಲಿರುತ್ತಿದ್ದವು. ಆಯುಧವೆಂದರೆ ದೊಣ್ಣೆ, ಕವಣೆ, ಬಿಲ್ಲು. ಬೆನ್ನಟ್ಟುವ ಕೆಲಸ ಮೆಡ್ಜಾಯ್‌ಗಳದು: ಮೂಲತಃ ಈಜಿಪ್ಟಿನ ದಕ್ಷಿಣದ ನ್ಯೂಬಿಯಾ ಕಡೆಯ ಮರುಭೂಮಿ ಜನ, ಮುಂದೆ ಪೊಲೀಸರಿಗೇ ಆ ಹೆಸರು ನಿಂತಿತು.

ಸರ್ಕಾರ ಸೊರಗಿದಾಗ ಏನಾಗುತ್ತಿತ್ತು ಎಂಬುದಕ್ಕೆ ಡೇರ್ ಎಲ್-ಮೆದೀನಾ ಎಂಬ ಹಳ್ಳಿ ಒಳ್ಳೆಯ ಉದಾಹರಣೆ. ಅಲ್ಲಿದ್ದವರು ರೈತರಲ್ಲ, ರಾಜಗೋರಿಗಳನ್ನು ಕೊರೆಯುವ ಕುಶಲಕರ್ಮಿಗಳು. ಅಪಾಯ ಮಾತ್ರ ಅದೇ. ಕ್ರಿ.ಪೂ. 1100ರ ಆಸುಪಾಸಿನ ದಿನಚರಿಗಳಲ್ಲಿ ‘ಮರುಭೂಮಿಯವರ’ ಭಯದಿಂದ ಕೆಲಸ ನಿಂತ ದಿನಗಳು ದಾಖಲಾಗಿವೆ. ಊರಿಗೆ ಗೋಡೆಯಿತ್ತು, ಆದರೆ ಒಳಗೆ ಬಾವಿಯಿರಲಿಲ್ಲ. ನೀರು ಕತ್ತೆಗಳ ಮೇಲೆ ಕಣಿವೆಯಿಂದ ಬರಬೇಕಿತ್ತು. ನನ್ನ ದೃಷ್ಟಿಯಲ್ಲಿ ಅದೇ ದೊಡ್ಡ ದೌರ್ಬಲ್ಯ. ಕೊನೆಗೆ ಅವರು ಹತ್ತಿರದ ಮೆದೀನತ್ ಹಾಬುವಿನಲ್ಲಿ, ರಾಜ 3ನೇ ರಾಮ್ಸೆಸ್‌ನ ದೇವಾಲಯದ ಸುಮಾರು 10 ಮೀಟರ್ ದಪ್ಪದ ಗೋಡೆಯೊಳಗೆ ನೆಲೆಸಿದರು.