ಶಿರಸಿ ಹತ್ತಿರ ಗಾಡಿಗಳ ಕಾಟ ಇಲ್ಲದೆ ಕಾಡಿನ ಡಾಂಬರು ರಸ್ತೆಯಲ್ಲಿ ಸೈಕಲ್ ಹೊಡೆಯಲು ಜಾಗ ಇದೆಯಾ?

ಗಾಡಿಯೇ ಬರದ ಡಾಂಬರು ರಸ್ತೆ ಸಿಗೋದು ಕಷ್ಟ. ಆದರೆ ತೀರಾ ಕಡಿಮೆ ಬರುವ ರಸ್ತೆಗಳಿವೆ. ಕುಮಟಾ ಕಡೆಯ ದೇವಿಮನೆ ಘಟ್ಟ ಮಾತ್ರ ಬೇಡ, ಅದು ಹೆದ್ದಾರಿ, ಲಾರಿ ಜಾಸ್ತಿ.

ನನ್ನ ಆಯ್ಕೆ ಹೆಗಡೆಕಟ್ಟಾ ಮೇಲೆ ಯಾಣಕ್ಕೆ ಹೋಗುವ ದಾರಿ. ಒಂದು ಕಡೆಗೆ ಸುಮಾರು 40 ಕಿ.ಮೀ. ಅಡಿಕೆ ತೋಟ ಮುಗಿದಲ್ಲಿ ಕಾಡು, ಕಾಡು ಮುಗಿದಲ್ಲಿ ಮತ್ತೆ ತೋಟ. ವಾರದ ದಿನ ಬೆಳಿಗ್ಗೆ ಬೇಗ ಹೊರಡಿ, ರಜೆಯಲ್ಲಿ ಪ್ರವಾಸಿಗರ ಕಾರು ಸಾಲುಗಟ್ಟುತ್ತವೆ. ವಡ್ಡಿ ಘಟ್ಟದ ಇಳಿಜಾರು ಕಡಿದು. ಅಲ್ಲಿ ಬ್ರೇಕ್ ಒತ್ತಿಯೇ ಇಟ್ಟರೆ ರಿಮ್ ಕೈ ಸುಡುವಷ್ಟು ಕಾಯುತ್ತದೆ. ಬಿಟ್ಟು ಬಿಟ್ಟು ಒತ್ತಿ. ವಾಪಸ್ ಬರುವಾಗ ಅದೇ ಏರು ಹತ್ತಬೇಕು ಅನ್ನೋದೂ ನೆನಪಿರಲಿ.

ಹೊಸಬರಾದರೆ ಸೋಂದಾ, ಸಹಸ್ರಲಿಂಗದ ಕಡೆ ಹೋಗಿ. ಹತ್ತಿರ, ಏರಿಳಿತವೂ ಕಡಿಮೆ.

ಮಳೆಗಾಲದಲ್ಲಿ ಮರದ ನೆರಳಿರುವ ಕಡೆ ಡಾಂಬರಿನ ಅಂಚಿಗೆ ಹಸಿರು ಪಾಚಿ ಕಟ್ಟುತ್ತದೆ. ತಿರುವಿನಲ್ಲಿ ಅದರ ಮೇಲೆ ಚಕ್ರ ಹೋದರೆ ಜಾರಿದಂತೆಯೇ. ಎದುರು ಗಾಡಿ ಇಲ್ಲದಿದ್ದರೆ ಅಂಚು ಬಿಟ್ಟು ಸ್ವಲ್ಪ ರಸ್ತೆ ನಡುವಿನ ಕಡೆಗೇ ಓಡಿಸಿ. ನಿಂತರೆ ಉಂಬಳ (ಜಿಗಣೆ) ಹತ್ತುತ್ತದೆ, ಕಾಲು ನೋಡಿಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆ ಸಮಯ. ಪಂಕ್ಚರ್ ಸಾಮಾನು ಜೊತೆಗಿರಲಿ, ದಾರಿಯಲ್ಲಿ ಅಂಗಡಿ ಅಪರೂಪ.