ಮೇಲೆ ಮಾತ್ರ ಐಸ್ ಹರಡಿದರೆ ಸಾಲದು

ಶಿವಮೊಗ್ಗದಲ್ಲಿ ಮೀನಿನಂಗಡಿ ತೆರೆಯುತ್ತಿದ್ದೇನೆ, ಬಂಗುಡೆ ರಾಶಿಯ ಮೇಲೆ ಐಸ್ ಪುಡಿ ಹರಡಿದರೆ ತಪಾಸಣೆಯಲ್ಲಿ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಸಾಲದು ಸರ್. ಮೇಲಿನ ಮೀನು ತಣ್ಣಗಿದ್ದರೂ ಅಡಿಯದ್ದು ಬೆಚ್ಚಗೇ ಇರುತ್ತದೆ. ಬೆನ್ನುಮೂಳೆಯ ಪಕ್ಕದ ದಪ್ಪ ಮಾಂಸಕ್ಕೆ ಥರ್ಮಾಮೀಟರ್ ಚುಚ್ಚಿದರೆ 4 ಡಿಗ್ರಿಗಿಂತ ಹೆಚ್ಚು ತೋರಿಸಬಾರದು.

ಪೆಟ್ಟಿಗೆಯ ತಳಕ್ಕೆ ಮೂರು ಬೆರಳು ಐಸ್, ಒಂದು ಸಾಲು ಮೀನು, ಮತ್ತೆ ಐಸ್, ಹೀಗೆ ಪದರ ಕಟ್ಟಿ. ಕೆಜಿ ಮೀನಿಗೆ ಕೆಜಿ ಐಸ್ ಲೆಕ್ಕ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ತಳದಲ್ಲಿ ತೂತು ಇರಲೇಬೇಕು, ಕರಗಿದ ನೀರಲ್ಲಿ ನೆನೆದರೆ ಮೀನು ಬೇಗ ಕೆಡುತ್ತದೆ. ಮಲ್ಪೆಯಿಂದ ಘಾಟಿ ಹತ್ತಿ ಬಂದ ಲೋಡನ್ನು ಇಳಿಸಿದ ಕೂಡಲೇ ಅಳೆಯಿರಿ. ಬಂಗುಡೆ, ಭೂತಾಯಿ, ಕೇದರ (ಟ್ಯೂನ) ಮೀನುಗಳಲ್ಲಿ ಬಿಸಿಗೆ ಹಿಸ್ಟಮಿನ್ ಎಂಬ ವಿಷಕಾರಿ ವಸ್ತು ಹುಟ್ಟುತ್ತದೆ. ತಿಂದವರ ಮುಖ ಕೆಂಪೇರಿ ತುರಿಕೆ ಏಳುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ, ಮತ್ತೆ ಐಸ್ ಹಾಕಿದರೂ ಅಷ್ಟೇ. ನನ್ನ ಪ್ರಕಾರ ಅಂಗಡಿಯವರು ಮೊದಲು ಹೆದರಬೇಕಾದ್ದು ಇದಕ್ಕೇ.

ಐಸ್ ಕುಡಿಯುವ ನೀರಿನದ್ದಾಗಿರಲಿ, ಗಡ್ಡೆಯನ್ನು ನೆಲದ ಮೇಲೆ ಎಳೆಯಬೇಡಿ. ಮೀನು ಕತ್ತರಿಸಲು ಬಿರುಕು ಬಿಟ್ಟ ಮರದ ದಿಮ್ಮಿ ಬಿಟ್ಟು ಫುಡ್ ಗ್ರೇಡ್ ಪ್ಲಾಸ್ಟಿಕ್ ಹಲಗೆ ಇಡಿ. ಅದನ್ನು ಮೊದಲು ಸೋಪಿನಲ್ಲಿ ಉಜ್ಜಿ ತೊಳೆದು, ಲೀಟರ್ ನೀರಿಗೆ ಶೇ. 5ರ ಬ್ಲೀಚ್ ದ್ರಾವಣ 4 ಮಿಲಿ ಬೆರೆಸಿ ಒರೆಸಿ, ಆಮೇಲೆ ಒಳ್ಳೆಯ ನೀರಲ್ಲಿ ತೊಳೆಯಿರಿ. ಮೀನಿನ ಲೋಳೆ ಉಳಿದಿದ್ದರೆ ಬ್ಲೀಚಿನ ಕ್ಲೋರಿನ್ ಅದರಲ್ಲೇ ಖರ್ಚಾಗಿ ಕೆಲಸ ಮಾಡುವುದಿಲ್ಲ.

ಆಹಾರ ಸುರಕ್ಷತಾ (FSSAI) ನೋಂದಣಿ ಪತ್ರ ಕಾಣುವಂತೆ ತೂಗುಹಾಕಿ, ಕೆಲಸದವರ ವಾರ್ಷಿಕ ವೈದ್ಯಕೀಯ ಪ್ರಮಾಣಪತ್ರ ಕೈಗೆಟುಕುವಂತಿರಲಿ. ಮೀನು ಕೆಡದಂತೆ ಕಾಣಲು ಕೆಲವರು ಬೆರೆಸುವ ಫಾರ್ಮಾಲಿನ್ ರಾಸಾಯನಿಕದ ಅನುಮಾನ ಬಂದು ಆಹಾರ ಸುರಕ್ಷತಾ ಅಧಿಕಾರಿ ಮಾದರಿ ತೆಗೆದರೆ ನಾಲ್ಕು ಭಾಗ ಮಾಡುತ್ತಾರೆ. ಒಂದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಮೀನು ಕೊಂಡ ಬಿಲ್ ಇಟ್ಟುಕೊಂಡಿದ್ದರೆ ಬೆರಕೆ ಎಲ್ಲಿಂದ ಬಂತೆಂದು ತೋರಿಸಲು ದಾರಿಯಾಗುತ್ತದೆ.